ತೋಳಿನ ಅಳತೆ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ನೀಲಾಂಬಿಕೆಯ ಎಡತೋಳಿನ ನಡುಕ ನಿಂತಿತ್ತು.

ಚನ್ನರಾಯಪಟ್ಟಣದ ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪದಲ್ಲಿ ತಮ್ಮನ ಮಗಳು ಯಶಸ್ವಿನಿಯ ಮದುವೆ. ಮುಹೂರ್ತ ಹನ್ನೊಂದು ನಲವತ್ತೈದಕ್ಕೆ. ಸೋದರತ್ತೆ ಕಳಸ ಹಿಡಿದು ನಿಲ್ಲಬೇಕಾದ ಜಾಗದಲ್ಲಿ, ವೇದಿಕೆಯ ಬಲಬದಿಯಲ್ಲಿ ನಿಂತು, ಅವಳು ಸೆರಗಿನ ಮರೆಯಲ್ಲಿ ಬಲಗೈಯ ಎರಡು ಬೆರಳನ್ನು ಎಡ ಮೊಣಕೈಯಿಂದ ತುಸು ಮೇಲೆ, ಒಳಮಗ್ಗುಲಿಗೆ ಒತ್ತಿ ಹಿಡಿದಿದ್ದಳು. ಅಲ್ಲಿ ಚರ್ಮದ ಕೆಳಗೆ ಒಂದು ಕೊಳವೆ ಇದೆ. ಹುಟ್ಟಿನಿಂದ ಬಂದ ರಕ್ತನಾಳವಲ್ಲ, ಕಾರ್ಖಾನೆಯಲ್ಲಿ ಮಾಡಿದ ಬಿಳಿಯ ಕೊಳವೆ, ಆರು ಮಿಲಿಮೀಟರ್ ಅಗಲ. ಕೆಳಗಿನ ತುದಿಯನ್ನು ಮೊಣಕೈ ಹತ್ತಿರದ ಅಪಧಮನಿಗೆ, ಮೇಲಿನ ತುದಿಯನ್ನು ಕಂಕುಳ ಹತ್ತಿರದ ಅಭಿಧಮನಿಗೆ ಹೊಲಿದಿದ್ದಾರೆ. ಮಂಗಳವಾರ, ಗುರುವಾರ, ಶನಿವಾರ ಹಾಸನದ ಆಸ್ಪತ್ರೆಯಲ್ಲಿ ಅದಕ್ಕೆ ಎರಡು ಸೂಜಿ ಚುಚ್ಚಿ, ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಮೂತ್ರಪಿಂಡ ಮಾಡಬೇಕಾದ ಕೆಲಸ ಮಾಡಿಸಿ, ವಾಪಸು ಬಿಡುತ್ತಾರೆ. ಕೊಳವೆ ತೆರೆದಿರುವಷ್ಟು ದಿನ ಅಲ್ಲಿ ಬೆರಳಿಟ್ಟರೆ ಸಣ್ಣ ನಡುಕ ಸಿಗುತ್ತದೆ, ಓಡುವ ಹೊಲಿಗೆ ಯಂತ್ರದ ಹಲಗೆಯ ಮೇಲೆ ಅಂಗೈ ಊರಿದಂತೆ. ಎರಡು ವರ್ಷ ನಾಲ್ಕು ತಿಂಗಳಿಂದ ಅದು ಒಂದು ದಿನವೂ ತಪ್ಪಿರಲಿಲ್ಲ. ಈಗ ಬೆರಳಿಗೆ ಸಿಕ್ಕಿದ್ದು ರೇಷ್ಮೆ, ರೇಷ್ಮೆಯ ಕೆಳಗೆ ಬಿಸಿ ಮಾಂಸ, ಅಷ್ಟೇ.

ಓಲಗದವರ ಡೋಲಿನ ಸದ್ದಿಗೆ ವೇದಿಕೆಯ ಹಲಗೆಯೇ ಅದುರುತ್ತಿತ್ತು. ಆ ಅದುರಾಟದಲ್ಲಿ ತನ್ನದು ಕಳೆದುಹೋಗಿರಬಹುದು ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಅರಕಲಗೂಡಿನಲ್ಲಿ ಮೂವತ್ತೊಂದು ವರ್ಷ ರವಿಕೆ ಹೊಲಿದ ಬೆರಳು ಅದು. ಕಣ್ಣು ಮುಚ್ಚಿಕೊಂಡು ಟೂ ಬೈ ಟೂ ಬಟ್ಟೆ ಯಾವುದು, ಪಾಪ್ಲಿನ್ ಯಾವುದು ಎಂದು ಹೇಳುತ್ತದೆ. ಅದು ಸುಳ್ಳು ಹೇಳುವುದಿಲ್ಲ ಎಂಬುದು ಗೊತ್ತಿತ್ತು. ಬೆರಳನ್ನು ರವಿಕೆಯ ತೋಳಿನೊಳಕ್ಕೆ ತೂರಿಸಿ ನೇರವಾಗಿ ಚರ್ಮವನ್ನೇ ಮುಟ್ಟೋಣ ಎಂದು ನೋಡಿದಳು. ಬೆರಳು ಒಳಗೆ ಹೋಗಲಿಲ್ಲ. ಕಿರುಬೆರಳಿನ ಉಗುರು ಕೂಡ ಹೋಗಲಿಲ್ಲ. ಆಗ, ಡೋಲಿನ ಎರಡು ಏಟುಗಳ ನಡುವಿನ ಸಂದಿಯಲ್ಲಿ, ಏನಾಯಿತು ಎಂಬುದು ಪೂರ್ತಿ ಹೊಳೆಯಿತು. ಹೊಳೆದದ್ದಕ್ಕೆ ಹೆದರಿಕೆಗಿಂತ ಮೊದಲು ನಾಚಿಕೆಯಾಯಿತು.

ಬೆಳಿಗ್ಗೆ ಎಂಟಕ್ಕೆ ತಮ್ಮನ ಹೆಂಡತಿ ಸರ್ವಮಂಗಳಾ ಎಲ್ಲರೆದುರು ಅದೇ ತೋಳನ್ನು ಹಿಡಿದು ತಿರುಗಿಸಿ ನೋಡಿದ್ದಳು. "ಅತ್ಗೆ, ಏನ್ ತೋಳಪ್ಪ ಇದು! ಒಂದ್ ಸುಕ್ಕಿಲ್ಲ, ಅಚ್ಚಿಗೆ ಉಯ್ದಂಗೈತೆ. ನಮ್ಗೆಲ್ಲಾ ಒಲ್ದು ಕೊಟ್ರಿ, ಒಳ್ಳೇದ್ ಮಾತ್ರ ನಿಮ್ಗೇ ಮಡಿಕ್ಕಂಡ್ರಿ." ಹೆಂಗಸರೆಲ್ಲ ನಕ್ಕರು. ನೀಲಾಂಬಿಕೆಯೂ ನಕ್ಕಳು. ಬಲಗೈ ತುಂಬ ಹಸಿರು ಬಳೆ, ಎಡಗೈ ಬೋಳು. ಅದರ ಕಾರಣ ಯಾರಿಗೂ ಕಾಣದಿರಲಿ ಎಂದೇ ಮೊಣಕೈವರೆಗೆ ತೋಳು ಇಟ್ಟು ಹೊಲಿದುಕೊಂಡಿದ್ದಳು. ಸೂಜಿ ಚುಚ್ಚಿ ಚುಚ್ಚಿ ಎದ್ದ ಗಂಟುಗಳು ಅದರೊಳಗೆ ಮುಚ್ಚಿಹೋಗಿದ್ದವು. ಕೊಳವೆ ಕೂಡಿಸಿದ ದಿನ ಡಾಕ್ಟರು ಒಂದು ಹಾಳೆ ಕೊಟ್ಟಿದ್ದರು. ಆ ಕೈಗೆ ಬಳೆ ಬೇಡ, ಗಡಿಯಾರ ಬೇಡ, ಚೀಲ ನೇತುಹಾಕಬಾರದು, ಬಿಪಿ ಪಟ್ಟಿ ಕಟ್ಟಿಸಬಾರದು, ಆ ಮಗ್ಗುಲಿಗೆ ಮಲಗಬಾರದು, ಬಿಗಿ ಬಟ್ಟೆ ತೊಡಬಾರದು, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ತಪ್ಪಿಸಬಾರದು, ದಿನಾ ಬೆಳಿಗ್ಗೆ ಸಂಜೆ ಮುಟ್ಟಿ ನೋಡಬೇಕು. ಎಲ್ಲವನ್ನೂ ನಡೆಸಿದ್ದಳು. ಕಳಸವನ್ನೂ ಬಲಗೈಯಲ್ಲೇ ಹಿಡಿಯುತ್ತೇನೆ ಎಂದು ಮೊದಲೇ ಹೇಳಿದ್ದಳು. ಬಿಗಿ ಬಟ್ಟೆ ಎಂಬ ಸಾಲನ್ನು ಓದುವಾಗ ಮಾತ್ರ ಅವಳ ಮನಸ್ಸಿನಲ್ಲಿ ಬೇರೆಯವರು ಹೊಲಿದ ರವಿಕೆಗಳು ಬರುತ್ತಿದ್ದವು. ತಾನು ಹೊಲಿದದ್ದು ಬಿಗಿಯಾಗಿರುವುದಿಲ್ಲ, ಸರಿಯಾಗಿರುತ್ತದೆ.

ಅಳತೆ ತೆಗೆದದ್ದು ಹದಿನೈದು ದಿನದ ಹಿಂದಿನ ಶನಿವಾರ ಸಂಜೆ, ಡಯಾಲಿಸಿಸ್ ಮುಗಿಸಿ ಹಾಸನದಿಂದ ವಾಪಸು ಬಂದ ಮೇಲೆ. ಹನ್ನೆರಡು ವರ್ಷದಿಂದ ಅಂಗಡಿಯಲ್ಲಿ ಎದುರಿನ ಯಂತ್ರದಲ್ಲಿ ಕೂರುವ ಪ್ರೇಮಕುಮಾರಿ ಟೇಪಿಗೆ ಕೈ ಚಾಚಿದ್ದಳು. "ನಿಮ್ಗೆ ನೀವೇ ಅಳ್ಕಂಡ್ರೆ ನೆಟ್ಗಾಗಕಿಲ್ಲ ಅಂತ ಕಲ್ಸಿದ್ದು ನೀವೇ ಅಲ್ವಾ? ತನ್ನಿ ಇಲ್ಲಿ." ಕೊಡಲಿಲ್ಲ. ಆ ಗಂಟುಗಳ ಮೇಲೆ ಇನ್ನೊಬ್ಬರ ಬೆರಳು ಹಾಯುವುದು ಬೇಡವಾಗಿತ್ತು. ಅವಳನ್ನು ಕಾಜಾ ಹಾಕಲು ಕಳಿಸಿ, ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುತ್ತಿಕೊಂಡಳು. ಹತ್ತೂಕಾಲು ಇಂಚು. ಆ ದಿನ ಡಯಾಲಿಸಿಸಿನಲ್ಲಿ ಮೈಯಿಂದ ಮೂರು ಕೆಜಿ ನೀರು ತೆಗೆದಿದ್ದರು. ಆ ಲೆಕ್ಕವೂ ಅವಳಿಗೆ ಗೊತ್ತಿತ್ತು, ಟೇಪಿನ ಲೆಕ್ಕವೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಶನಿವಾರಕ್ಕೂ ಮಂಗಳವಾರಕ್ಕೂ ನಡುವೆ ಮೈ ನೀರು ಕೂಡಿಕೊಳ್ಳುತ್ತ ಹೋಗುತ್ತದೆ. ಸೋಮವಾರ ಎಂದರೆ ವಾರದಲ್ಲೇ ಅತಿ ಹೆಚ್ಚು. ಭಾನುವಾರ ರಾತ್ರಿಯ ಚಪ್ಪರದ ಊಟದಲ್ಲಿ ಉಪ್ಪಿನಕಾಯಿ ಬೇಡ ಎಂದಿದ್ದಳು, ಸಾರು ಎರಡು ಸಲ ಹಾಕಿಸಿಕೊಂಡಿದ್ದಳು.

ಅವಳು ವೇದಿಕೆ ಇಳಿದು ಹೋದಾಗ ವಧುವಿನ ಕೋಣೆ ಖಾಲಿ ಇತ್ತು. ಬ್ಯೂಟಿಪಾರ್ಲರಿನವಳ ಪೆಟ್ಟಿಗೆಯಲ್ಲಿ ಒಂದು ಸಣ್ಣ ಕತ್ತರಿ ಸಿಕ್ಕಿತು. ಮೊಂಡು. ಇಂಥ ಕತ್ತರಿಯನ್ನು ಅಂಗಡಿಯಲ್ಲಿ ಕಾಗದ ಕತ್ತರಿಸಲೂ ಇಡುವುದಿಲ್ಲ ಎಂದುಕೊಂಡಳು. ಹೊಲಿಗೆ ಹುಡುಕಿ ಬಿಚ್ಚಲು ಹೊತ್ತಿಲ್ಲ. ತೋಳಿನ ಜರಿಯಂಚಿಗೆ ಕತ್ತರಿ ಇಟ್ಟು ಹೆಗಲವರೆಗೆ ಸೀಳಿದಳು. ಬಟ್ಟೆ ಎರಡು ಕಡೆಗೂ ಸಿಡಿದು ನಿಂತಿತು. ಚರ್ಮದ ಮೇಲೆ ಹೊಲಿಗೆಯ ಗೆರೆ, ಎಳೆ ಎಳೆಯಾಗಿ, ಕೆಂಪಗೆ ಅಚ್ಚೊತ್ತಿತ್ತು. ಇಂಚಿಗೆ ಹನ್ನೆರಡು ಹೊಲಿಗೆ, ಎಣಿಸಬಹುದಿತ್ತು. ಬೆರಳಿಟ್ಟಳು. ಕಾದಳು. ಕಿವಿಯ ಹತ್ತಿರಕ್ಕೆ ತೋಳನ್ನು ಎತ್ತಿ ಹಿಡಿದಳು. ಒಳಗೆ ಕೊಳವೆ ಬಿದಿರಿನ ಕಡ್ಡಿಯಂತೆ ಗಟ್ಟಿಯಾಗಿತ್ತು. ಯಾವಾಗ ನಿಂತಿತು ಎಂಬುದು ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಮುಟ್ಟಿ ನೋಡಿರಲಿಲ್ಲ. ಮನೆಯಲ್ಲಾದರೆ ಕಾಫಿಗೆ ಮೊದಲು ಗಂಡ ಬೆರಳಿಡುತ್ತಿದ್ದರು. ಮಂಟಪದಲ್ಲಿ ಗಂಡಸರಿಗೆ ಮೇಲಿನ ಹಾಲ್, ಹೆಂಗಸರಿಗೆ ಕೆಳಗಿನ ಕೋಣೆ. ನಾಲ್ಕೂವರೆಗೆ ಎದ್ದು, ಹದಿನಾಲ್ಕು ಹೆಂಗಸರ ನಡುವೆ ಗೋಡೆಗೆ ಮುಖ ಮಾಡಿ ರವಿಕೆ ತೊಟ್ಟುಕೊಂಡವಳಿಗೆ ತೋಳನ್ನು ಬಿಚ್ಚಿಟ್ಟುಕೊಂಡು ಕೂರುವುದು ಆಗಿರಲಿಲ್ಲ.

ಗಂಗಾಧರಯ್ಯ ಊಟದ ಮನೆಯ ಹಿಂದೆ ಜನರೇಟರಿನವನಿಗೆ ಬುದ್ಧಿ ಹೇಳುತ್ತಿದ್ದರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಎಲ್ಲಿ ವೈರು ಕಂಡರೂ ಅಲ್ಲಿ ನಿಲ್ಲುತ್ತಾರೆ. ದಿನಾ ಬೆಳಿಗ್ಗೆ ಅವಳ ತೋಳಿಗೆ ಎರಡು ಬೆರಳಿಟ್ಟು, "ಲೈನ್ ಚಾರ್ಜ್ ಐತೆ ಕಣಮ್ಮಿ, ಇನ್ ಕಾಫಿ ಕಾಸು," ಎನ್ನುತ್ತಾರೆ. ಎರಡು ವರ್ಷದಲ್ಲಿ ಆ ಮಾತಿಗೆ ಅವಳು ನಗುವುದನ್ನು ಬಿಟ್ಟಿದ್ದಳು, ಅವರು ಹೇಳುವುದನ್ನು ಬಿಟ್ಟಿರಲಿಲ್ಲ. ಈಗ ಬೆರಳಿಟ್ಟರು. ಸ್ವಲ್ಪ ಮೇಲೆ ಸರಿಸಿದರು. ಇನ್ನೂ ಸ್ವಲ್ಪ ಮೇಲೆ.

"ಇಲ್ಲ," ಅಂದರು.

"ಇಲ್ಲ," ಅಂದಳು. "ಹಾಸನಕ್ಕೆ ನಡೀರಿ."

ತಮ್ಮ ಚಂದ್ರಶೇಖರಯ್ಯ ತೆಂಗಿನಕಾಯಿ ಮಂಡಿಯ ವ್ಯಾಪಾರಿ. ಬೆಳಗಿನಿಂದ ಬೆವರಿ ಜುಬ್ಬಾ ಬೆನ್ನಿಗೆ ಅಂಟಿತ್ತು. ಅಕ್ಕನ ಸೀಳಿದ ತೋಳನ್ನು ನೋಡಿ ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಡಿಯಾರ ನೋಡಿದ.

"ಇಪ್ಪತ್ ನಿಮ್ಸ ಕಣಕ್ಕ. ಧಾರೆ ಆಗ್ಬುಡ್ಲಿ. ಕಾರು ಮಠದ ಐನೋರ್ನ ಕರ್ಕಬರಕ್ಕೋಗೈತೆ, ಬಂದೇಟ್ಗೆ ನಾನೇ ಕಳಿಸ್ಕೊಡ್ತೀನಿ."

"ಐನೋರು ಬರ್ದಿದ್ರೂ ಮೂರ್ತ ನಿಲ್ಲಕಿಲ್ಲ, ಇದೂ ನಿಲ್ಲಕಿಲ್ಲ. ಬಸ್ಸು ಎದುರ್ಗೇ ಓಯ್ತವೆ."

"ಸೋದರತ್ತೆ ಕಳ್ಸ ಬುಟ್ಟು ಎದ್ದೋದ್ಲು ಅಂತ ಗಂಡಿನ ಕಡೆಯೋರು ಏನಂದ್ಕಂಡಾರು?"

"ಸೋದರತ್ತೆ ಸತ್ತೋದ್ಲು ಅಂದ್ಕಳೋದ್ಕಿಂತ ವಾಸಿ. ನಿನ್ನೆಂಡ್ತಿ ತಂಗಿ ಅಲ್ಲೇ ನಿಂತವ್ಳೆ, ಅವ್ಳ ಕೈಗ್ ಕೊಡು. ಬಲ್ಗೈಲೇ ಇಡ್ಕಬೇಕು ಅಂತೇನಿಲ್ಲ ಅನ್ನು, ಅದು ನಂಗೊಬ್ಳಿಗೆ."

ಪಕ್ಕದ ಬಾಗಿಲಿಗೆ ಅಡುಗೆಯವರ ಟೆಂಪೊ ಅಡ್ಡ ನಿಂತಿತ್ತು. ಮುಂಬಾಗಿಲಿಗೆ ಹೋಗಲು ಕುರ್ಚಿ ಸಾಲುಗಳ ನಡುವಿನ ದಾರಿಯೊಂದೇ. ರವಿಕೆಯ ಒಂದು ತೋಳು ಮೊಣಕೈವರೆಗೆ, ಒಂದು ತೋಳು ಹೆಗಲಿಂದ ಜೋತಾಡುತ್ತ. ಸೆರಗು ಹೊದೆಯಲು ಕೈ ಎತ್ತಿದವಳು ಇಳಿಸಿದಳು, ಹೊದ್ದರೆ ನಿಧಾನ. ಅವಳಿಂದ ರವಿಕೆ ಹೊಲಿಸಿಕೊಂಡ ಕನಿಷ್ಠ ನಲವತ್ತು ಹೆಂಗಸರು ಆ ಕುರ್ಚಿಗಳಲ್ಲಿದ್ದರು. ಓಲಗ ಜೋರಾಯಿತು. ಯಾರೋ "ಟೈಲ್ರಮ್ಮ, ಏನಾಯ್ತು?" ಅಂದರು. "ಬಿಗಿಯಾಗಿತ್ತು," ಎಂದು ಹೇಳಿ ಮುಂದಕ್ಕೆ ನಡೆದಳು. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ತನ್ನ ಬಾಯಿಂದ ಮೊದಲ ಸಲ ಕೇಳಿಸಿಕೊಂಡಳು.

ಹನ್ನೊಂದು ಐವತ್ತಕ್ಕೆ ಹಾಸನದ ಬಸ್ಸು ಸಿಕ್ಕಿತು. ಕಿಟಕಿಯ ಬದಿ ಬಲಕ್ಕೆ ಬರುವಂತೆ ಕೂತಳು, ಎಡತೋಳಿಗೆ ಯಾರೂ ಒರಗದಂತೆ ಗಂಡನನ್ನು ಅಂಚಿಗೆ ಸರಿಸಿದಳು. ಹೆಪ್ಪುಗಟ್ಟಿದ ರಕ್ತವನ್ನು ಬೇಗ ತೆಗೆದಷ್ಟೂ ಕೊಳವೆ ಉಳಿಯುತ್ತದೆ, ಒಂದೆರಡು ದಿನ ಬಿಟ್ಟರೆ ಅದು ಗೋಡೆಗೆ ಅಂಟಿ ಕೂರುತ್ತದೆ: ಇದು ಡಾಕ್ಟರ ಮಾತು. ಹೊತ್ತಿದೆ, ಸಾಕಷ್ಟಿದೆ. ಹೊತ್ತಿನೊಳಗೆ ಕೆಲಸ ಮುಗಿಸುವುದು ತನಗೆ ಬರುತ್ತದೆ. ಆದರೂ ಚಲುವಯ್ಯನ ಕುತ್ತಿಗೆ ಕಣ್ಣಮುಂದೆ ಬಂತು. ಹೊಳೆನರಸೀಪುರದ ಕಡೆಯವನು, ಡಯಾಲಿಸಿಸಿನಲ್ಲಿ ಅವಳ ಪಕ್ಕದ ಮಂಚ. ಕೈಯಲ್ಲಿ ದಾರಿ ಉಳಿಯದೆ ಕುತ್ತಿಗೆಯ ನಾಳಕ್ಕೆ ಪೈಪು ಹಾಕಿದ್ದರು. ಅದಕ್ಕೆ ಸೋಂಕು ತಗಲಿ ಚಳಿಜ್ವರ, ಮತ್ತೆ ತೆಗೆದು ಮತ್ತೊಂದು ಕಡೆ. "ನಂದು ಕಾಲರ್ ಇಲ್ದಿರೋ ಅಂಗಿ ಕಣಕ್ಕ, ನೀನ್ ಒಲ್ದ್ರೂ ನಿಲ್ಲಕಿಲ್ಲ," ಎಂದು ನಗುತ್ತಿದ್ದ. ಯುಗಾದಿ ಆದ ಮೇಲೆ ಆ ಮಂಚಕ್ಕೆ ಬೇರೆಯವರು ಬಂದರು. ಅವಳಿಗೂ ಈ ಕೊಳವೆಗೆ ಮೊದಲು ಎಡ ಮಣಿಕಟ್ಟಿನಲ್ಲಿ ಮಾಡಿದ್ದ ದಾರಿ ಒಂದು ಸಲ, ಮೊಣಕೈಯಲ್ಲಿ ಮಾಡಿದ್ದು ಒಂದು ಸಲ ಕೈಕೊಟ್ಟಿತ್ತು. ಬಲಗೈ ನಾಳಗಳು ದಾರದಷ್ಟು ಸಣ್ಣ. ಈ ಕೊಳವೆ ಹೋದರೆ ಮುಂದಿನದು ಕುತ್ತಿಗೆ. ಕೊಳವೆ ಕೂಡಿಸುವ ಮೊದಲು ಡಾಕ್ಟರು ಚಿತ್ರ ಬರೆದು ತೋರಿಸಿದ್ದು ನೆನಪಾಯಿತು. ನಿಮ್ಮ ಸ್ವಂತ ರಕ್ತನಾಳಕ್ಕೆ ಒಳಗಡೆ ಒಂದು ತೆಳ್ಳಗಿನ ಪದರ ಇರುತ್ತದಮ್ಮ, ಅದು ರಕ್ತವನ್ನು ಅಂಟಲು ಬಿಡುವುದಿಲ್ಲ. ಈ ಕೊಳವೆಗೆ ಅದಿಲ್ಲ. ಲೈನಿಂಗ್ ಇಲ್ಲ ಅನ್ನಿ, ಎಂದು ಅವಳೇ ಹೇಳಿದ್ದಳು. ಅವರು ನಕ್ಕು ಹೌದು ಎಂದಿದ್ದರು. ಆ ಲೈನಿಂಗನ್ನು ರೋಗಿಯ ಜೀವಕೋಶಗಳಿಂದಲೇ ಬೆಳೆಸಲು ಎಲ್ಲೆಲ್ಲೋ ಪ್ರಯೋಗ ನಡೆದಿದೆಯಂತೆ. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿದಾಗ ಅವಳು ಎಷ್ಟೋ ಸಲ ಆ ಕೊಳವೆಯನ್ನು ಮನಸ್ಸಿನಲ್ಲೇ ಒಳಮಗ್ಗುಲು ತಿರುವಿ, ಅಸ್ತರು ಕೊಟ್ಟು, ಮತ್ತೆ ತಿರುವಿ ಇಟ್ಟಿದ್ದಳು. ಯಾವ ಬಟ್ಟೆಯೂ ನಡುವೆ ಕೆಡುವುದಿಲ್ಲ. ಕೆಡುವುದು ಜೋಡಿಸಿದ ಕಡೆ, ಬೇರೆ ಬಟ್ಟೆಗೆ ಬೇರೆ ಬಟ್ಟೆ ಸೇರಿದ ಕಡೆ.

ಶಾಂತಿಗ್ರಾಮ ದಾಟಿದ ಮೇಲೆ ಗಂಗಾಧರಯ್ಯ ಬಾಯಿ ಬಿಟ್ಟರು. "ವೋಲ್ಟೇಜು ಒಂದೇ ದಪ ಓಗಕಿಲ್ಲ ಕಣೆ. ಮೊದ್ಲು ಬಲ್ಬು ಮಂಕಾಯ್ತದೆ. ಆ ಮೇಘಶ್ರೀ ಏನೂ ಯೋಳಿರ್ಲಿಲ್ವಾ?"

ಹೇಳಿದ್ದಳು. ಮೂರು ವಾರದ ಹಿಂದೆ. ಮೇಘಶ್ರೀ ಡಯಾಲಿಸಿಸ್ ಟೆಕ್ನಿಷಿಯನ್. ತಮಾಷೆ ಕಡಿಮೆ, ಕೆಲಸ ಅಚ್ಚುಕಟ್ಟು. ಯಂತ್ರದ ಪರದೆಯನ್ನು ತಿರುಗಿಸಿ ತೋರಿಸಿದ್ದಳು. "ಅಕ್ಕ, ರಕ್ತ ವಾಪಸ್ ಓಗೋ ಕಡೆ ಪ್ರೆಶರ್ ನೋಡಿ. ಮುಂಚೆ ನೂರಾ ಮೂವತ್ತರ ಆಸುಪಾಸು ಇತ್ತು. ಓದ್ವಾರ ನೂರಾ ಎಪ್ಪತ್ತು. ಇವತ್ತು ಇನ್ನೂರೈದು. ಸೂಜಿ ತೆಗೆದ್ಮೇಲೂ ರಕ್ತ ನಿಲ್ಲೋಕೆ ತಡ ಆಗ್ತಿದೆ. ಮೇಲ್ಗಡೆ ಎಲ್ಲೋ ದಾರಿ ಕಿರಿದಾಗಿದೆ. ಒಂದ್ ಸ್ಕ್ಯಾನ್ ಮಾಡಿಸ್ಬಿಡಿ." ಆಗ ಅಂಗಡಿಯಲ್ಲಿ ಮದುವೆ ಮನೆಯವೇ ಮೂವತ್ತನಾಲ್ಕು ರವಿಕೆ ಬಾಕಿ ಇದ್ದವು. ಮದುವೆ ಮುಗಿಯಲಿ ಎಂದಿದ್ದಳು. ಮರುವಾರ ಮೇಘಶ್ರೀ ಮತ್ತೆ ಕೇಳಿದಾಗ ನಿನಗೇಕೆ ಆತುರ ಎಂದು ರೇಗಿದ್ದಳು. ಮನೆಯಲ್ಲಿ ಗಂಡ ಕೇಳಿದಾಗ ಎಲ್ಲ ಸರಿ ಇದೆಯಂತೆ ಎಂದಿದ್ದಳು.

"ಯೋಳಿದ್ಲು," ಅಂದಳು. "ಎರಡ್ ದಪ ಯೋಳಿದ್ಲು. ನಾನೇ ನಿಮ್ಗೆ ಸುಳ್ ಯೋಳ್ದೆ."

ಅವರು ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಕೂತರು. ಬಸ್ಸು ಎರಡು ಕಡೆ ನಿಂತು ಜನ ಹತ್ತಿಸಿಕೊಂಡಿತು. ಕೊನೆಗೆ ಅವರು, "ಮೂವತ್ನಾಕು ಒಲ್ದು ಮುಗಿಸ್ದೇನೋ ನಿಜ," ಎಂದರು. ಮತ್ತೆ, "ಕಂಬ ಅತ್ತೋವಾಗ ಲೈನ್ ಬಂದ್ ಆಗೈತೆ ಅಂತ ಸುಳ್ ಯೋಳ್ದೋನು ಇನ್ನೊಬ್ಬನ್ನ ಸಾಯಿಸ್ತಾನೆ. ಇನ್ಮೇಲೆ ಯೋಳ್ಬೇಡ," ಎಂದರು. ಅವಳು ಹೂಂ ಎಂದಳು. ಅವರು ಬೈದಿದ್ದರೆ ಹಗುರಾಗುತ್ತಿತ್ತು ಎಂದು ಅವಳಿಗೆ ಅನ್ನಿಸಲಿಲ್ಲ. ಬೈಗುಳದಿಂದ ತೋಳು ಮತ್ತೆ ನಡುಗುವುದಿಲ್ಲ.

ಆಸ್ಪತ್ರೆಯಲ್ಲಿ ಒಂದೂ ಹತ್ತಕ್ಕೆ ಡಾ. ಸುದರ್ಶನ್ ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಹೆಪ್ಪುಗಟ್ಟಿದೆ ಎಂದರು. ಮೂರೂ ನಲವತ್ತಕ್ಕೆ ಒಳಗೆ ಕರೆದುಕೊಂಡರು. ಒಡವೆ ತೆಗೆಯಿರಿ ಎಂದಳು ನರ್ಸ್. ಸರ, ಬಳೆ, ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಎಲ್ಲ ಕೊಟ್ಟಳು. ಲಿಂಗವನ್ನು ಮಾತ್ರ ಬಿಳಿ ಬಟ್ಟೆಯಲ್ಲಿ ಸುತ್ತಿ ಬಲ ಮುಷ್ಟಿಯಲ್ಲಿಟ್ಟುಕೊಂಡಳು. ನರ್ಸ್ ಡಾಕ್ಟರ ಮುಖ ನೋಡಿದಳು. "ನಮಗೆ ಬೇಕಾಗಿರೋದು ಎಡಗೈ, ಇರಲಿ ಬಿಡಿ," ಎಂದರು ಅವರು. ತೋಳು ಮಾತ್ರ ಜೋಮು ಹಿಡಿಯಿತು, ತಲೆ ಎಚ್ಚರವಿತ್ತು. ಚರ್ಮ ಕೊಯ್ದದ್ದು, ಕೊಳವೆಯನ್ನು ತೆರೆದದ್ದು, ಸಣ್ಣ ಬಲೂನು ಇರುವ ತಂತಿ ಒಳಗೆ ಹೋಗಿ ವಾಪಸು ಎಳೆದದ್ದು, ನೋವಾಗಿ ಅಲ್ಲ, ಎಳೆತವಾಗಿ ಗೊತ್ತಾಗುತ್ತಿತ್ತು. ಲಂಗಕ್ಕೆ ಪಿನ್ನು ಸಿಕ್ಕಿಸಿ ಲಾಡಿ ಪೋಣಿಸುವಾಗ ಬಟ್ಟೆಗೆ ಹೀಗೆಯೇ ಗೊತ್ತಾಗುತ್ತಿರಬೇಕು.

"ತೋರ್ಸಿ ಸಾ," ಅಂದಳು.

ಡಾಕ್ಟರು ಟ್ರೇ ವಾಲಿಸಿದರು. ಕಪ್ಪುಗೆಂಪು ಲಾಡಿ, ಗೇಣುದ್ದ, ಕೊಳವೆಯ ಆಕಾರವನ್ನೇ ತಳೆದಿತ್ತು.

"ನನ್ ತೋಳು ಬಿಗಿಯಾಗಿತ್ತು ಸಾ. ರವಿಕೇದು. ನಾನೇ ಒಲ್ಕಂಡಿದ್ದು."

"ಅದು ಕೊನೇ ಏಟು, ಮೊದಲನೇದಲ್ಲ." ಅವರು ಪರದೆಯ ಮೇಲಿನ ಚಿತ್ರದಲ್ಲಿ ಬೆರಳಿಟ್ಟರು. ಕೊಳವೆ ಅಭಿಧಮನಿಗೆ ಸೇರುವ ಕಡೆ ದಾರಿ ಸಣ್ಣದಾಗಿ ಸೊಂಟ ಕಟ್ಟಿದಂತಿತ್ತು. "ಮೇಲಿನ ಹೊಲಿಗೆ ಹತ್ತಿರ ಎಂಬತ್ತು ಭಾಗ ಮುಚ್ಚಿದೆ. ಇದು ಇವತ್ತಿಂದಲ್ಲ, ತಿಂಗಳುಗಳದು. ತೋಳು ಊದಿದ್ದಕ್ಕೂ ಇದರ ಪಾಲಿದೆ. ರಕ್ತ ಮೇಲೆ ಹೋಗೋಕೆ ದಾರಿ ಕಡಿಮೆ. ಮಾತ್ರೆ ಅರ್ಧ ಕೆಲಸ ಮಾಡುತ್ತೆ ಅಷ್ಟೇ. ಮಿಕ್ಕರ್ಧ, ಪ್ರೆಶರ್ ಏರಿದಾಗ ಬಂದು ನೋಡಿಸೋದು. ನಿಮ್ಮ ರವಿಕೆ ಬಿಗಿಯಾಯ್ತಲ್ಲ, ಅದೂ ಒಂದು ಸೂಚನೆಯೇ ಆಗಿತ್ತು."

ಹೊಲಿಗೆಯ ಹತ್ತಿರ. ಅಲ್ಲೇ ಇರುತ್ತದೆ ಎಂದು ಗೊತ್ತಿತ್ತು ಎಂಬ ಒಂದು ಸಣ್ಣ ಸಮಾಧಾನ, ಅದರ ಬೆನ್ನಿಗೇ ಇನ್ನೊಂದು ಯೋಚನೆ. ರವಿಕೆಯೇ ಕಾರಣ ಎಂದಿದ್ದರೆ ಚೆನ್ನಾಗಿತ್ತು. ರವಿಕೆಯ ತಪ್ಪು ಕೈಯ ತಪ್ಪು, ಒಂದು ಇಂಚಿನ ತಪ್ಪು; ಬಿಚ್ಚಿ ಹೊಲಿಯಬಹುದು. ಪರದೆಯ ಮೇಲಿನ ಇನ್ನೂರೈದನ್ನು ನೋಡಿ ಮುಖ ತಿರುಗಿಸಿದ್ದು, ಆ ಹುಡುಗಿಗೆ ರೇಗಿದ್ದು, ಗಂಡನಿಗೆ ಹೇಳಿದ ಸುಳ್ಳು, ಇವಕ್ಕೆ ಟೇಪು ಇಲ್ಲ. ಎರಡೂ ತನ್ನವೇ ಎಂದು ಅವಳು ಆ ಬೆಳಕಿನ ಕೆಳಗೆ ಮಲಗಿ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ಅಳಬೇಕೆನಿಸಲಿಲ್ಲ, ಮುಂದೆ ಏನು ಮಾಡಬೇಕು ಎಂಬುದು ಒಂದೊಂದಾಗಿ ತೋರತೊಡಗಿತು. ಡಾಕ್ಟರು ಇನ್ನೊಂದು ಬಲೂನನ್ನು ಮೇಲಿನ ಹೊಲಿಗೆಯವರೆಗೆ ತೂರಿಸಿ ಊದಿದರು. ಹೆಗಲ ಒಳಗೆ ಯಾರೋ ಮುಷ್ಟಿ ಬಿಚ್ಚಿದಂತಾಯಿತು. ಐದು ಗಂಟೆ ಹತ್ತು ನಿಮಿಷಕ್ಕೆ ಅವರು ಗಂಗಾಧರಯ್ಯನವರನ್ನು ಒಳಗೆ ಕರೆಸಿದರು. ಅವರು ಚಪ್ಪಲಿ ಬಿಟ್ಟು, ಹಸಿರು ಗೌನು ಹಾಕಿಸಿಕೊಂಡು ಬಂದು, ಪಟ್ಟಿ ಹಾಕಿದ ಜಾಗಕ್ಕಿಂತ ಮೇಲೆ, ಹೆದರುತ್ತ, ಎರಡು ಬೆರಳಿಟ್ಟರು.

"ಯೋಳಿ," ಅಂದಳು.

ಅವರು ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದರು. "ಕಾಫಿ ಎಲ್ಲಿ ಸಿಕ್ತದೆ ಇಲ್ಲಿ?" ಎಂದರು.

ಮಂಗಳವಾರ ಬೆಳಿಗ್ಗೆ ಮೇಘಶ್ರೀ ಸೂಜಿ ಹಾಕಿ ಪರದೆ ನೋಡಿದಳು. ನೂರಾ ಇಪ್ಪತ್ತಾರು. ನೀಲಾಂಬಿಕೆ ಎಲ್ಲರಿಗೂ ಕೇಳುವಂತೆ, "ನಿನ್ ಮಾತ್ ಕೇಳ್ಬೇಕಿತ್ತು ಕಣವ್ವ, ನಂದೇ ತಪ್ಪು," ಎಂದಳು. ಮೇಘಶ್ರೀ ಕೆಂಪಾಗಿ, "ಕೈ ಅಲ್ಲಾಡಿಸ್ಬೇಡಿ ಅಕ್ಕ," ಎಂದಳು.

ಎರಡು ವಾರ ಕಳೆದು, ಹೊಲಿಗೆ ಬಿಚ್ಚಿದ ಮೇಲಿನ ಸೋಮವಾರ ಸಂಜೆ ಆರು ಗಂಟೆಗೆ, ಅರಕಲಗೂಡಿನ ಅಂಗಡಿಯಲ್ಲಿ ನೀಲಾಂಬಿಕೆ ಸೆರಗು ಸರಿಸಿ ಎಡತೋಳನ್ನು ಚಾಚಿದಳು. ವಾರದಲ್ಲಿ ಮೈ ಅತಿ ಹೆಚ್ಚು ತುಂಬಿರುವ ಹೊತ್ತು ಅದು. ಲೆಕ್ಕ ಹಾಕಿಯೇ ಆರಿಸಿಕೊಂಡಿದ್ದಳು. ಪ್ರೇಮಕುಮಾರಿ ಟೇಪು ಹಿಡಿದು ಎದ್ದು ಬಂದಳು. ಗಂಟುಗಳ ಮೇಲೆ ಅವಳ ಬೆರಳು ಹಾಯಿತು, ಒಂದು ಕಡೆ ನಿಂತಿತು.

"ಅಯ್, ಇದೇನಕ್ಕ ಒಳಗೆ ಮಿಷನ್ ಓಡ್ದಂಗೈತೆ?"

"ಓಡ್ಬೇಕು. ಅಳೀ."

"ಉಸ್ರು ಬುಡಿ ಮತ್ತೆ. ತೋಳ್ ಅಳ್ಯಕ್ಕೆ ಉಸ್ರು ಯಾಕ್ ಇಡ್ಕಂಡಿದ್ದೀರಿ?"

ಬಿಟ್ಟಳು. ಪ್ರೇಮಕುಮಾರಿ ಟೇಪನ್ನು ಬೆಳಕಿಗೆ ತಿರುಗಿಸಿ ಓದಿದಳು. ಅಳತೆ ಪುಸ್ತಕದಲ್ಲಿ ಹತ್ತೂಕಾಲು ಎಂದಿದ್ದುದನ್ನು ಹೊಡೆದು ಹನ್ನೊಂದೂವರೆ ಎಂದು ಬರೆದಳು, ಅದಕ್ಕೆ ಎರಡಿಂಚು ಸಡಿಲ ಕೂಡಿಸಿದಳು.